1931ರ ಕ್ಯಾಬ್, 1950ರ ಎಂಜಿನ್, 1940ರ ಆಕ್ಸಲ್: ಯಾವುದನ್ನು ಮೊದಲು ಕೂರಿಸಲಿ?

ಪ್ರಶ್ನೆ: ಹಳೇಕ್ಯಾಬ್31

ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ ಒಂದೊಂದಾಗಿ ಕೂಡಿಟ್ಟ ಭಾಗಗಳಿಂದ ಹಾಟ್ ರಾಡ್ (ಹಳೇ ಗಾಡಿಗೆ ಬಲವಾದ ಎಂಜಿನ್ ಹಾಕಿ ಮಾರ್ಪಡಿಸಿದ್ದು) ಪಿಕಪ್ ಕಟ್ಟಲು ಹೊರಟಿದ್ದೇನೆ. ಒಂದೇ ಗಾಡಿಯಿಂದ ಬಂದ ಎರಡು ಭಾಗಗಳು ನನ್ನ ಶೆಡ್ಡಿನಲ್ಲಿ ಇಲ್ಲವೇ ಇಲ್ಲ ಅನ್ನಬಹುದು.

ಕ್ಯಾಬ್ 1931ರ ಫೋರ್ಡ್ ಮಾಡೆಲ್ ಎ ಪಿಕಪ್‌ನದು. ಬಾಗಿಲುಗಳು ಚೆನ್ನಾಗಿವೆ, ತಳವನ್ನು ತುಕ್ಕು ಪೂರ್ತಿ ತಿಂದುಹಾಕಿದೆ. ಚಾಸಿಯೂ ಮಾಡೆಲ್ ಎ ದೇ, ಆದರೆ ಬೇರೆ ಗಾಡಿಯದು. ಮುಂದಿನ ಆಕ್ಸಲ್, ಅದನ್ನು ಚಾಸಿಗೆ ಹಿಡಿಯುವ ವಿ ಆಕಾರದ ವಿಶ್‌ಬೋನ್, ಹೈಡ್ರಾಲಿಕ್ ಡ್ರಮ್ ಬ್ರೇಕು 1940ರ ಫೋರ್ಡ್ ಕಾರಿನವು. ಎಂಜಿನ್ 1950ರ 8ಬಿಎ ಮಾದರಿಯ ಫ್ಲಾಟ್‌ಹೆಡ್ (ವಾಲ್ವ್‌ಗಳು ಬ್ಲಾಕಿನಲ್ಲೇ ಇರುವ) ವಿ8, 239 ಘನ ಇಂಚಿನದು. ಗೇರ್‌ಬಾಕ್ಸ್ 1939ರದು, ನೆಲದಿಂದ ಎದ್ದು ಬರುವ ಆ ಲಿವರ್‌ಗೆ ಮನಸೋತೇ ಅದನ್ನು ಕೊಂಡದ್ದು. ಹಿಂದೆ ಅರವತ್ತರ ದಶಕದ ಕಾರಿನ 9 ಇಂಚಿನ (ಒಳಗಿನ ದೊಡ್ಡ ಹಲ್ಲುಚಕ್ರದ ಅಳತೆ) ಫೋರ್ಡ್ ಆಕ್ಸಲ್. ಸ್ಟೀರಿಂಗ್ ಬಾಕ್ಸ್ ಷೆವರ್ಲೆ ವೇಗಾದ್ದು. ಮುಖಕ್ಕೆ 1932ರ ಗ್ರಿಲ್ ಚೌಕಟ್ಟು. ಹಿಂದಿನ ತೊಟ್ಟಿ ಇನ್ನೊಂದು ಪಿಕಪ್‌ನದು, ಕ್ಯಾಬ್‌ಗಿಂತ ನಾಲ್ಕು ಇಂಚು ಅಗಲ.

ತಪ್ಪು ಎಲ್ಲಿ ಮಾಡಿದೆ ಅಂತ ಈಗ ಗೊತ್ತಾಗುತ್ತಿದೆ. ಎಂಜಿನ್ ಚಾಸಿಯಲ್ಲಿ ಕೂತದ್ದನ್ನು ನೋಡುವ ಆಸೆಗೆ ಮೊದಲು ಅದನ್ನು ಹಿಡಿಯುವ ಮೌಂಟುಗಳನ್ನೇ ವೆಲ್ಡ್ ಮಾಡಿಬಿಟ್ಟೆ. ಆಮೇಲೆ ಕ್ಯಾಬ್ ಇಟ್ಟೆ, ರೇಡಿಯೇಟರ್ ನಿಲ್ಲಿಸಿದೆ. ಫ್ಯಾನಿಗೂ ರೇಡಿಯೇಟರಿಗೂ ನಡುವೆ ಒಂದು ಬೆರಳು ತೂರುವುದಿಲ್ಲ. ಎಂಜಿನನ್ನು ಹಿಂದೆ ಸರಿಸೋಣವೆಂದರೆ ಕ್ಯಾಬ್‌ನ ಮುಂಗೋಡೆ ತಡೆಯುತ್ತದೆ. ಎದುರು ನಿಂತು ನೋಡಿದರೆ ಎಂಜಿನ್ ಎಡಕ್ಕೆ ಸರಿದ ಹಾಗೆ ಬೇರೆ ಕಾಣುತ್ತದೆ. ಹಿಂದಿನ ಚಕ್ರ ಮುಂದೆ ಕೂರುವುದಿಲ್ಲ, ಮುಂದಿನದು ಹಿಂದೆ ಕೂರುವುದಿಲ್ಲ.

ಇಂಥ ಕೆಲಸ ಮಾಡಿ ಮುಗಿಸಿದವರು ಹೇಳಿ: ಎಲ್ಲವೂ ಬೇರೆ ಬೇರೆ ಕಡೆಯಿಂದ ಬಂದಿರುವಾಗ ಯಾವುದನ್ನು ಸ್ಥಿರ ಅಂತ ಹಿಡಿದು ಉಳಿದವನ್ನು ಅದಕ್ಕೆ ಹೊಂದಿಸಬೇಕು?

ಉತ್ತರ 1: ತೂಗುಗುಂಡು

ಮೌಂಟುಗಳನ್ನು ಕತ್ತರಿಸಿ ತೆಗೆಯಿರಿ. ಮೊದಲ ವಾಕ್ಯವೇ ಇದಾಯಿತಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ, ಇವತ್ತು ಗ್ರೈಂಡರ್ ಹಿಡಿದರೆ ಒಂದು ಮಧ್ಯಾಹ್ನದ ಕೆಲಸ. ನಾನು ಬಣ್ಣ ಹೊಡೆದ ಮೇಲೆ ಕತ್ತರಿಸಿದವನು.

ನನ್ನದೂ ನಿಮ್ಮಂಥದೇ ಪಿಕಪ್, 1929ರ ಕ್ಯಾಬ್. ಭಾಗಗಳು ಒಂದಕ್ಕೊಂದು ಸೇರದವು ಅಂತ ಚಿಂತೆ ಬೇಡ, ಹಾಟ್ ರಾಡ್ ಹುಟ್ಟಿದ್ದೇ ಹಾಗೆ. 1932ರಲ್ಲಿ ಫೋರ್ಡ್ 221 ಘನ ಇಂಚಿನ, 65 ಅಶ್ವಶಕ್ತಿಯ ವಿ8 ಹೊರತಂದಿತು. ಮಾಡೆಲ್ ಎ ದ ನಾಲ್ಕು ಸಿಲಿಂಡರಿನದು ಬರೀ 40. ಅಪಘಾತವಾದ ಕಾರಿನಿಂದ ವಿ8 ಕಿತ್ತು ಹಗುರವಾದ ಮಾಡೆಲ್ ಎ ಗೆ ಹಾಕಿ, ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮ್ಯೂರಾಕ್‌ನ ಒಣಕೆರೆಯ ಮೇಲೆ ಓಡಿಸಿದರು. ಗುಜರಿಯಲ್ಲಿ ಏನು ಸಿಕ್ಕಿತೋ ಅದೇ ಅವರ ಬಿಡಿಭಾಗದ ಅಂಗಡಿ. ನಿಮ್ಮ ಶೆಡ್ಡಿನಲ್ಲಿರುವುದು ಆ ಸಾಲಿಗೇ ಸೇರಿದ್ದು.

ಈಗ ನಿಮ್ಮ ಪ್ರಶ್ನೆ. ಸ್ಥಿರ ಅಂತ ಹಿಡಿಯಬೇಕಾದದ್ದು ನೆಲ. ನೆಲ ಬಿಟ್ಟರೆ ಟೈರು. ಗಾಡಿಯ ಮೇಲೆ ಕೊನೆಗೆ ಇರುವ ಟೈರುಗಳ ಎತ್ತರ ಗೊತ್ತಾಗದೆ ಒಂದು ಚೂರೂ ವೆಲ್ಡ್ ಮಾಡಬೇಡಿ. ಮಾಡೆಲ್ ಎ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವಿನ ದೂರ, 103.5 ಇಂಚು. ಇಷ್ಟು ಉದ್ದದಲ್ಲಿ ಹಿಂಭಾಗ 1.8 ಇಂಚು ಮೇಲೆದ್ದರೆ ಚಾಸಿ ಒಂದು ಡಿಗ್ರಿ ಮುಂದಕ್ಕೆ ವಾಲುತ್ತದೆ, ಅದರ ಜೊತೆಗೆ ಮುಂದಿನ ಆಕ್ಸಲ್‌ನ ಕ್ಯಾಸ್ಟರ್ ಒಂದು ಡಿಗ್ರಿ ಕಡಿಮೆಯಾಗುತ್ತದೆ. ಕ್ಯಾಸ್ಟರ್ ಅಂದರೆ ಕಿಂಗ್‌ಪಿನ್‌ನ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲು) ವಾಲು; ಅದರ ಮೇಲ್ತುದಿ 5ರಿಂದ 7 ಡಿಗ್ರಿ ಹಿಂದಕ್ಕೆ ವಾಲಿರಬೇಕಾದ ಗಾಡಿ ಇದು. ಹಿಂದೆ ದೊಡ್ಡ ಟೈರು ಚೆಂದ ಅಂತ ಆಮೇಲೆ ಹಾಕಿದರೆ ನೀವು ಜೋಪಾನವಾಗಿ ಇಟ್ಟ ಕ್ಯಾಸ್ಟರ್ ಅಲ್ಲಿಗೆ ಹೋಯಿತು.

ನಾನು ಮಾಡಿದ ತಪ್ಪು ಬೇರೆ. ಖಾಲಿ ಚಾಸಿಯನ್ನು ಸ್ಪ್ರಿಂಗ್ ಮೇಲೆ ನಿಲ್ಲಿಸಿ, ಹಿಂದಿನ ಆಕ್ಸಲ್‌ನ ಪಿನಿಯನ್ ಮೂತಿಯನ್ನು (ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ತುದಿ) ಮೂರು ಡಿಗ್ರಿ ಮೇಲಕ್ಕೆ ಇಟ್ಟು, ಆಕ್ಸಲ್ ಹಿಡಿಯುವ ಲ್ಯಾಡರ್ ಬಾರ್‌ಗಳನ್ನು ಪೂರ್ತಿ ವೆಲ್ಡ್ ಮಾಡಿದೆ. ಆಮೇಲೆ ಎಂಜಿನ್, ಕ್ಯಾಬ್, ಪೆಟ್ರೋಲ್ ಟ್ಯಾಂಕ್, ತೊಟ್ಟಿಯ ಮರದ ಹಲಗೆ ಎಲ್ಲ ಏರಿದವು. ಸ್ಪ್ರಿಂಗ್ ಕುಸಿಯಿತು, ಬಾರ್‌ಗಳ ಮುಂತುದಿ ಚಾಸಿಯ ಜೊತೆ ಕೆಳಗಿಳಿಯಿತು, ಪಿನಿಯನ್ ಮೂತಿಯೂ ತಗ್ಗಿತು. ಅಳೆದರೆ ಒಂದು ಡಿಗ್ರಿಯೂ ಉಳಿದಿರಲಿಲ್ಲ. ವೇಗ ಏರಿದಂತೆ ಕಾಲಡಿಯ ಹಲಗೆಯಲ್ಲಿ ಗುಂಯ್ ಅನ್ನುವ ಸದ್ದು. ಎರಡು ಸಲ ಪ್ರೊಪೆಲ್ಲರ್ ಶಾಫ್ಟ್ ಬ್ಯಾಲೆನ್ಸ್ ಮಾಡಿಸಿದೆ, ಶಾಫ್ಟಿನದು ಏನೂ ತಪ್ಪಿರಲಿಲ್ಲ. ಎಂಜಿನ್ ಹಿಂದಕ್ಕೆ ಮೂರು ಡಿಗ್ರಿ ಇಳಿದಿದ್ದರೆ ಪಿನಿಯನ್ ಮೂರು ಡಿಗ್ರಿ ಎದ್ದಿರಬೇಕು. ಆಗಲೇ ಎರಡೂ ಯೂನಿವರ್ಸಲ್ ಜಾಯಿಂಟ್‌ಗಳ ಏರಿಳಿತ ಒಂದನ್ನೊಂದು ಕಳೆಯುತ್ತದೆ.

ಅದಕ್ಕೇ ಸ್ಪ್ರಿಂಗ್‌ಗಳನ್ನು ಈಗ ಪಕ್ಕಕ್ಕಿಡಿ. ಕೊನೆಗೆ ಗಾಡಿ ಎಷ್ಟು ಎತ್ತರದಲ್ಲಿ ನಿಲ್ಲಬೇಕೋ ಅಷ್ಟೇ ಎತ್ತರಕ್ಕೆ ಮರದ ದಿಮ್ಮಿಗಳ ಮೇಲೆ ಚಾಸಿ ಇಡಿ. ರಸಮಟ್ಟ ಇಟ್ಟು ಅಡ್ಡಕ್ಕೆ ಸಮ ಮಾಡಿ. ನೆಲದ ಮೇಲೆ ನಡುಗೆರೆ ಎಳೆಯಿರಿ. ಚಾಸಿಯ ನಾಲ್ಕು ಗೊತ್ತಾದ ರಿವೆಟ್‌ಗಳಿಂದ ತೂಗುಗುಂಡು ಇಳಿಬಿಟ್ಟು ನೆಲದಲ್ಲಿ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ನಿಮ್ಮ ಎಂಜಿನ್ ಎಡಕ್ಕೆ ಸರಿದಿದೆಯೋ, ಚಾಸಿಯೇ ಓರೆಯಾಗಿದೆಯೋ ಅನ್ನುವುದು ಅಲ್ಲಿ ತಿಳಿಯುತ್ತದೆ. 40 ಅಶ್ವಶಕ್ತಿಗೆಂದು ಮಾಡಿದ ತೆಳು ಚಾಸಿಗೆ 100 ಅಶ್ವಶಕ್ತಿಯ ಎಂಜಿನ್ ಹೊರಿಸುತ್ತಿದ್ದೀರಿ. ತೆರೆದ ಬದಿಗೆ ತಗಡು ಮುಚ್ಚಿ ಪೆಟ್ಟಿಗೆಯಂತೆ ಮಾಡಲೇಬೇಕು. ಆದರೆ ಕರ್ಣ ಸರಿಹೋಗುವ ಮೊದಲು ಮುಚ್ಚಿದರೆ ಆ ಓರೆ ಶಾಶ್ವತ. ವೆಲ್ಡಿಂಗೂ ಒಂದೊಂದು ಇಂಚು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ. ಒಂದೇ ಉಸಿರಿಗೆ ಎಳೆದರೆ ಕಬ್ಬಿಣ ಬಾಳೆಕಾಯಿಯ ಹಾಗೆ ಬಾಗುತ್ತದೆ.

ಮುಂದಿನ ಆಕ್ಸಲ್ ಒಮ್ಮೆ ನೋಡಿಕೊಳ್ಳಿ. 60 ಅಶ್ವಶಕ್ತಿಯ ಚಿಕ್ಕ ವಿ8 ಇದ್ದ ಆ ಕಾಲದ ಫೋರ್ಡ್‌ಗಳಿಗೆ ಕೊಳವೆ ಆಕ್ಸಲ್ ಬರುತ್ತಿತ್ತು, ಉಳಿದವಕ್ಕೆ ಐ ಆಕಾರದ ಆಕ್ಸಲ್. ವಿಶ್‌ಬೋನ್ ಸೀಳಿ ಎರಡು ಬದಿಗೆ ಕಟ್ಟುವುದಾದರೆ ಐ ಆಕಾರದ್ದೇ ಬೇಕು. ಒಂದು ಚಕ್ರ ಗುಂಡಿಗಿಳಿದಾಗ ಆಕ್ಸಲ್ ತಿರುಚಿಕೊಳ್ಳಬೇಕಾಗುತ್ತದೆ. ಐ ಆಕಾರದ್ದು ತಿರುಚಿಕೊಳ್ಳುತ್ತದೆ, ಕೊಳವೆ ಒಪ್ಪುವುದಿಲ್ಲ. ಆ ಒತ್ತಡವೆಲ್ಲ ಬ್ರಾಕೆಟ್‌ಗಳ ಮೇಲೆ ಬಿದ್ದು ಬಿರುಕು ಬರುತ್ತದೆ.

ವೇಗಾ ಬಾಕ್ಸ್ ಅಂದಿರಿ, ಅಂದರೆ ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಸರಳು) ಅಡ್ಡಕ್ಕೆ ಓಡುತ್ತದೆ. ಅಡ್ಡ ಸ್ಪ್ರಿಂಗ್ ಶ್ಯಾಕಲ್ ಅನ್ನುವ ಕೊಂಡಿಗಳ ಮೇಲೆ ತೂಗಾಡುತ್ತಿರುತ್ತದೆ. ನೀವು ಸ್ಟೀರಿಂಗ್ ತಿರುಗಿಸಿದರೆ ಚಕ್ರ ತಿರುಗುವ ಮೊದಲು ಇಡೀ ಆಕ್ಸಲ್ ಪಕ್ಕಕ್ಕೆ ಸರಿಯುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಚಾಸಿಗೆ ಹಿಡಿಯುವ ಪ್ಯಾನ್‌ಹಾರ್ಡ್ ಬಾರ್ ಹಾಕಿ, ಅದು ಡ್ರ್ಯಾಗ್ ಲಿಂಕಿಗೆ ಸಮಾನಾಂತರವಾಗಿ, ಆದಷ್ಟು ಅದರಷ್ಟೇ ಉದ್ದವಾಗಿ ಇರಲಿ.

ಚಕ್ರದ ತೊಂದರೆ ಸುಲಭದ್ದು. ಮುಂದಿನದು ಐದೂವರೆ ಇಂಚಿನ ವೃತ್ತದಲ್ಲಿ ಐದು ಬೋಲ್ಟ್, ನಿಮ್ಮ ಹಿಂದಿನದು ನಾಲ್ಕೂವರೆ ಇಂಚಿನದು. ಇದೇ 9 ಇಂಚಿನ ಆಕ್ಸಲ್ ಫೋರ್ಡ್‌ನ ಎಫ್-100 ಪಿಕಪ್‌ನಲ್ಲಿ ಐದೂವರೆಯದಾಗಿಯೇ ಬರುತ್ತದೆ. ಅಗಲ ಹೆಚ್ಚು, ಕಿರಿದು ಮಾಡಿಸಬೇಕಾದೀತು.

ಬ್ರೇಕ್ ಬಗ್ಗೆ ಒಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ಮಾಸ್ಟರ್ ಸಿಲಿಂಡರ್ ಕ್ಯಾಬ್‌ನ ನೆಲದಡಿ ಕೂರುತ್ತದೆ, ಚಕ್ರದ ಸಿಲಿಂಡರ್‌ಗಳಿಗಿಂತ ತಗ್ಗಿನಲ್ಲಿ. ನಿಂತಲ್ಲೇ ಎಣ್ಣೆ ಹಿಂದಕ್ಕೆ ಇಳಿಯುತ್ತದೆ, ಮೊದಲ ಸಲ ತುಳಿದಾಗ ಪೆಡಲ್ ಸೀದಾ ನೆಲ ಮುಟ್ಟುತ್ತದೆ. ಡ್ರಮ್‌ಗೆ 10 ಪೌಂಡ್ ಒತ್ತಡ ಉಳಿಸುವ ವಾಲ್ವ್ ಹಾಕಿ. ಮುಂದೊಂದು ದಿನ ಡಿಸ್ಕ್ ಹಾಕಿದರೆ 2 ಪೌಂಡಿನದು. ಡಿಸ್ಕಿಗೆ 10ರದ್ದು ಹಾಕಿದರೆ ಬ್ರೇಕ್ ಹಿಡಿದುಕೊಂಡೇ ಇರುತ್ತದೆ. ಎಲ್ಲ ಜೋಡಿಸಿದ ಮೇಲೆ ಮುಂದಿನ ರಿಮ್ಮಿನ ತಳದಿಂದ ಹಿಂದಿನ ರಿಮ್ಮಿನ ತಳಕ್ಕೆ ದಾರ ಹಿಡಿಯಿರಿ. ಆ ದಾರದ ಕೆಳಗೆ ಒಂದು ಬ್ರಾಕೆಟ್ಟೂ ಇಳಿದಿರಬಾರದು. ಟೈರ್ ಒಡೆದ ದಿನ ಗಾಡಿ ರಿಮ್ಮಿನ ಮೇಲೆ ಜಾರಬೇಕು, ಸ್ಟೀರಿಂಗ್ ಕೊಂಡಿಯ ಮೇಲಲ್ಲ.

ಉತ್ತರ 2: ಫ್ಲಾಟ್‌ಹೆಡ್ ಪ್ರೇಮಿ

ತೂಗುಗುಂಡು ಅವರು ಹೇಳಿದ್ದೆಲ್ಲ ಸರಿ. ಆದರೆ ಬ್ಲಾಕ್ ಸೀಳಿದೆಯೇ ಇಲ್ಲವೇ ಅಂತ ನೋಡಿಸಿದ್ದೀರಾ? ನಿಮ್ಮ ಬರಹದಲ್ಲಿ ಆ ವಿಷಯವೇ ಇಲ್ಲ. ಫ್ಲಾಟ್‌ಹೆಡ್‌ನಲ್ಲಿ ಬಿಸಿ ಹೊಗೆ ಬ್ಲಾಕಿನ ಒಳಗಿನಿಂದಲೇ, ನೀರಿನ ಹಾದಿಯ ನಡುವೆ ಹಾದು ಹೊರಬರುತ್ತದೆ. ಪ್ರತಿ ಬದಿಯ ನಡುವಿನ ಎರಡು ಸಿಲಿಂಡರ್‌ಗಳಿಗೆ ಒಂದೇ ದ್ವಾರ. ಅದಕ್ಕೇ ಇವು ಬೇಗ ಕಾಯುತ್ತವೆ, ವಾಲ್ವ್ ಸೀಟಿನಿಂದ ಸಿಲಿಂಡರಿನ ಕಡೆಗೆ ಬಿರುಕು ಬಿಡುತ್ತವೆ. ನಾನು ಒಂದು 8ಬಿಎ ಅನ್ನು ಬೋರ್ ಮಾಡಿಸಿ, ಹೊಸ ಪಿಸ್ಟನ್ ತರಿಸಿ, ಆಮೇಲೆ ಬಿರುಕು ಕಂಡೆ. ಆ ಬ್ಲಾಕನ್ನು ಎಸೆದಿಲ್ಲ. ಚಾಸಿಯಲ್ಲಿ ಅಳತೆ ನೋಡಲು ಅದನ್ನೇ ಇಳಿಸಿ ಏರಿಸಿ ಮಾಡುತ್ತೇನೆ, ಒಳ್ಳೆಯದು ಮೂಲೆಯಲ್ಲಿ ಮುಚ್ಚಿಕೊಂಡು ಇರುತ್ತದೆ.

ಇನ್ನೊಂದು. 1948ರವರೆಗಿನ ಕಾರುಗಳ ವಿ8 ಬ್ಲಾಕಿಗೆ ಬೆಲ್ ಹೌಸಿಂಗ್ (ಎಂಜಿನ್, ಗೇರ್‌ಬಾಕ್ಸ್ ನಡುವಿನ ಕ್ಲಚ್ಚಿನ ಕವಚ) ಜೊತೆಯಲ್ಲೇ ಎರಕವಾಗಿರುತ್ತದೆ. 8ಬಿಎಗೆ ಹಾಗಿಲ್ಲ, 1939ರ ಗೇರ್‌ಬಾಕ್ಸ್ ನೇರವಾಗಿ ಕೂರುವುದಿಲ್ಲ. ಫೋರ್ಡ್ ಎಫ್-1 ಪಿಕಪ್‌ನಲ್ಲಿ ಬರುವ ಎರಕದ ಬೆಲ್ ಹೌಸಿಂಗ್ ಹುಡುಕಿ. ಅದು ಕೈಗೆ ಬಂದಮೇಲೇ ಎಂಜಿನ್ ಎಷ್ಟು ಉದ್ದ ಅನ್ನುವ ಲೆಕ್ಕ.

ಮೀಟರ್‌ಗಳೂ ಬೇರೆ ಬೇರೆ ಕಾಲದವಾದರೆ ಎಚ್ಚರ. ಫೋರ್ಡ್ 1955ರವರೆಗೆ 6 ವೋಲ್ಟ್, ಪಾಸಿಟಿವ್ ಅರ್ಥ್. 1956ರಿಂದ 12 ವೋಲ್ಟ್, ನೆಗೆಟಿವ್ ಅರ್ಥ್.

ಉತ್ತರ 3: ಬ್ಯಾಂಜೋ40

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. 1939ರ ಗೇರ್‌ಬಾಕ್ಸ್ ಟಾರ್ಕ್ ಟ್ಯೂಬಿಗೆಂದು (ಪ್ರೊಪೆಲ್ಲರ್ ಶಾಫ್ಟನ್ನು ಒಳಗಿಟ್ಟುಕೊಂಡ ಕೊಳವೆ) ಮಾಡಿದ್ದು. ಹಿಂದಿನ ಚಕ್ರ ಗಾಡಿಯನ್ನು ತಳ್ಳುವ ಬಲವೆಲ್ಲ ಆ ಕೊಳವೆಯ ಮೂಲಕವೇ ಮುಂದಕ್ಕೆ ಬರುತ್ತದೆ. 9 ಇಂಚಿನ ಆಕ್ಸಲ್ ಹಾಕಿದರೆ ಗೇರ್‌ಬಾಕ್ಸಿನ ಹಿಂಭಾಗ ಬದಲಿಸಬೇಕು, ಲ್ಯಾಡರ್ ಬಾರ್ ಕಟ್ಟಬೇಕು, ಕೋನ ಅಳೆಯಬೇಕು. ಬದಲು 1940ರ ಫೋರ್ಡ್ ಕಾರಿನ ಹಿಂದಿನ ಆಕ್ಸಲ್, ಬ್ಯಾಂಜೋ ಅನ್ನುತ್ತಾರಲ್ಲ, ಅದನ್ನೇ ತನ್ನಿ. ಬೋಲ್ಟ್ ವೃತ್ತವೂ ಮುಂದಿನದಕ್ಕೆ ಹೊಂದುತ್ತದೆ. ಆ ಕಾರಿನ ವೀಲ್‌ಬೇಸ್ 112 ಇಂಚು, ಹಾಗಾಗಿ ಟ್ಯೂಬ್ ಮತ್ತು ಒಳಗಿನ ಶಾಫ್ಟ್ ಎರಡನ್ನೂ ಗಿಡ್ಡ ಮಾಡಬೇಕು. ಹಬ್ ನಟ್ಟನ್ನು ಬಲವಾಗಿ ಬಿಗಿಯಿರಿ. ಶಾಫ್ಟ್ ತುದಿ ಮೊನಚಿನದು, ಸಡಿಲವಾದರೆ ಕೀ ಕತ್ತರಿಸಿಹೋಗುತ್ತದೆ.

ಉತ್ತರ 4: ತೂಗುಗುಂಡು

ಬ್ಯಾಂಜೋ ಅವರೇ, ಮಾತು ಒಪ್ಪುತ್ತೇನೆ. ಎಂಜಿನ್ ಹೆಚ್ಚು ಬಲಿಷ್ಠ ಮಾಡದಿದ್ದರೆ ನಿಮ್ಮ ದಾರಿಯೇ ಹಗುರ. ಇವರು ಆ ಲಿವರ್‌ಗೆ ಮನಸೋತವರು, ಗೇರ್‌ಬಾಕ್ಸ್ ಬಿಡುವುದಿಲ್ಲ. ಹಾಗಿದ್ದರೆ ಬಿಡಬೇಕಾದದ್ದು 9 ಇಂಚಿನ ಆಕ್ಸಲ್ಲೇ.

ಉತ್ತರ 5: ಹಳೇಕ್ಯಾಬ್31

ಎಲ್ಲರಿಗೂ ಮನಸಾರೆ ಧನ್ಯವಾದ. ಭಾನುವಾರ ಮೌಂಟು ಕತ್ತರಿಸಿದೆ. ತೂಗುಗುಂಡು ಇಳಿಬಿಟ್ಟು ಅಳೆದರೆ ಎರಡು ಕರ್ಣಗಳ ನಡುವೆ ಅರ್ಧ ಇಂಚು ವ್ಯತ್ಯಾಸ. ಎಂಜಿನ್ ಎಡಕ್ಕೆ ಹೋಗಿರಲಿಲ್ಲ, ಚಾಸಿಯ ಬಲಗಡೆಯ ತೊಲೆ ಹಿಂದಕ್ಕೆ ಸರಿದಿತ್ತು. ನಡುವಿನ ಅಡ್ಡತೊಲೆಯ ಮೂರು ರಿವೆಟ್‌ಗಳು ಕೈಯಲ್ಲಿ ಅಲುಗಾಡುತ್ತಿವೆ. ಅವನ್ನು ತೆಗೆದು, ಸರಪಳಿ ಹಾಕಿ ಎಳೆದು ಕರ್ಣ ಸರಿಮಾಡಿ, ಮತ್ತೆ ಬಿಗಿಯುತ್ತೇನೆ. ಮುಂದಿನ ಆಕ್ಸಲ್ ಐ ಆಕಾರದ್ದೇ. 9 ಇಂಚಿನದನ್ನು ಕೊಟ್ಟು ಬ್ಯಾಂಜೋ ತರುವ ಮಾತು ನಡೆದಿದೆ.

ಬ್ಲಾಕ್ ನಾಳೆ ಬಿರುಕಿನ ತಪಾಸಣೆಗೆ ಹೋಗುತ್ತದೆ. ಫ್ಲಾಟ್‌ಹೆಡ್ ಪ್ರೇಮಿಯವರೇ, ಅಳತೆಗೆಂದು ಇಟ್ಟಿರುವ ಆ ಸೀಳಿದ ಬ್ಲಾಕನ್ನು ಒಂದು ತಿಂಗಳ ಮಟ್ಟಿಗೆ ಕೊಡುವಿರಾ? ಗಾಡಿ ತಂದು ನಾನೇ ಹೊತ್ತೊಯ್ಯುತ್ತೇನೆ.