ಹವಾನಾ ಹಳೇ ಪೇಟೆಯಲ್ಲಿ ಆರು ದಿನ: ದುಡ್ಡು, ಕರೆಂಟು, ಊಟ ಹೇಗೆ?

ಶಿರಸಿ_ಪಯಣಿಗ:
ಅಪ್ಪ, ಅಮ್ಮನ ಜೊತೆ ಫೆಬ್ರವರಿಯಲ್ಲಿ ಕ್ಯೂಬಾದ ಹವಾನಾಕ್ಕೆ ಹೋಗುವ ಯೋಚನೆ ಇದೆ. ಮೂವರೂ ಸಸ್ಯಾಹಾರಿಗಳು, ಅಮ್ಮನಿಗೆ ಬಿಪಿ ಮಾತ್ರೆ ತಪ್ಪುವಂತಿಲ್ಲ. ಅಲ್ಲಿ ಕರೆಂಟಿಲ್ಲ, ಅಂಗಡಿ ಖಾಲಿ ಅನ್ನುತ್ತಾರೆ. ದುಡ್ಡು ಹೇಗೆ ಒಯ್ಯಬೇಕು? ಇಂಥ ಹೊತ್ತಲ್ಲಿ ಹೋದರೆ ಅಲ್ಲಿಯವರಿಗೆ ಹೊರೆಯಾಗ್ತೇವಾ?

ಕೋಡಿಬಾಗ:
ಯೂರೋ ನೋಟು ಒಯ್ಯಿರಿ. 5, 10, 20ರವೇ ಹೆಚ್ಚಿರಲಿ, ಚಿಲ್ಲರೆ ಹುಟ್ಟುವುದಿಲ್ಲ. ಹರಿದದ್ದು, ಗೀಚಿದ್ದು ಬೇಡ. ಅಮೆರಿಕದ ದಿಗ್ಬಂಧನದಿಂದಾಗಿ ಕಾರ್ಡ್ ಯಾವಾಗ ಕೈಕೊಡುತ್ತದೆ ಹೇಳಲಾಗದು.

2022ರ ಆಗಸ್ಟಿನಲ್ಲಿ ಅಲ್ಲಿಯ ಬ್ಯಾಂಕು ಡಾಲರಿಗೆ 120 ಪೆಸೊ (ಕ್ಯೂಬಾದ ಹಣ) ಎಂದು ನಿಗದಿ ಮಾಡಿತು. ಬೀದಿಯ ದರ ಆಮೇಲೆ ಅದರ ಎರಡು ಪಟ್ಟನ್ನೂ ದಾಟಿತು, ಹೋಟೆಲಿನ ಊಟದ ಬೆಲೆ ಏರಿದ್ದೂ ಅದರ ಬೆನ್ನಿಗೇ. ಹಾಗಾಗಿ 120ರ ದರದಲ್ಲಿ ಎಟಿಎಮ್ಮಿನಿಂದ ಪೆಸೊ ತೆಗೆದವರಿಗೆ ಪ್ರತಿ ಊಟವೂ ದುಬಾರಿಯಾಗುತ್ತಿತ್ತು. ಬೀದಿಯಲ್ಲಿ ಬದಲಿಸುವುದು ಕಾನೂನುಬಾಹಿರ. 2021ರಲ್ಲಿ ರದ್ದಾದ ಸಿಯುಸಿ ಎಂಬ ಇನ್ನೊಂದು ಬಗೆಯ ಪೆಸೊ ನೋಟನ್ನು ಗೊತ್ತಿಲ್ಲದವರ ಕೈಗೆ ದಾಟಿಸುವುದೂ ಉಂಟು. ಮನೆಬಾಡಿಗೆ, ಟ್ಯಾಕ್ಸಿಗೆ ನೇರ ಯೂರೋ ಕೊಟ್ಟರೆ ಪೆಸೊ ಬೇಕಾಗುವುದು ಅಲ್ಪಸ್ವಲ್ಪ ಮಾತ್ರ.

ಕಾಳಿ_ದಂಡೆ:
ಕರೆಂಟಿನ ಕತೆ ಇದು: ಸ್ಥಾವರಗಳು ಹಳೆಯವು, ವೆನೆಜುವೆಲಾದ ಎಣ್ಣೆ ಕಡಿಮೆಯಾಗಿದೆ. 2024ರ ಅಕ್ಟೋಬರ್ 18ರಂದು ಮತಾನ್ಸಾಸಿನ ಗಿತೆರಾಸ್ ಸ್ಥಾವರ ನಿಂತು ಇಡೀ ದೇಶ ಕತ್ತಲಾಯಿತು. ಕರೆಂಟು ಹೋದರೆ ನೀರಿನ ಪಂಪೂ ಲಿಫ್ಟೂ ನಿಲ್ಲುತ್ತವೆ. ಅದಕ್ಕೆ ನೆಲಮಹಡಿ ಇಲ್ಲವೇ ಮೊದಲ ಮಹಡಿಯ ಮನೆ ಹಿಡಿಯಿರಿ, ಬುಕ್ ಮಾಡುವ ಮೊದಲೇ ಇನ್ವರ್ಟರ್, ತಾರಸಿಯ ಟ್ಯಾಂಕು ಇದೆಯೇ ಕೇಳಿ. ಕರೆಂಟಿದ್ದಾಗಲೇ ಬಕೆಟ್ ತುಂಬಿಡಿ. ತಲೆಗೆ ಕಟ್ಟುವ ಟಾರ್ಚು, 20,000 ಎಂಎಎಚ್ ಪವರ್ ಬ್ಯಾಂಕ್ ಸಾಕು. ಅದನ್ನು ಕೈಚೀಲದಲ್ಲೇ ಇಡಬೇಕು.

ಶಿರಸಿ_ಪಯಣಿಗ:
ಇಲ್ಲಿಯ ಕೆಟಲ್ ಅಲ್ಲಿ ನಡೆಯುತ್ತಾ?

ಕಾಳಿ_ದಂಡೆ:
ಬೇಡ. ಅಲ್ಲಿ ಸಾಮಾನ್ಯವಾಗಿ 110 ವೋಲ್ಟ್. ನಮ್ಮ 1500 ವಾಟಿನ ಕೆಟಲ್ಲಿಗೆ ಸಿಗುವುದು ಸುಮಾರು 340 ವಾಟ್, ನೀರು ಕುದಿಯುವಷ್ಟರಲ್ಲಿ ಕರೆಂಟೇ ಹೋದೀತು. ಮೊಬೈಲ್ ಚಾರ್ಜರ್ ನಡೆಯುತ್ತದೆ, ಆದರೆ ಚಪ್ಪಟೆ ಪಿನ್ನಿನ ಅಡಾಪ್ಟರ್ ಬೇಕು. ಕೆಲವು ಮನೆಗಳಲ್ಲಿ 220ರ ಸಾಕೆಟ್ಟೂ ಇರುತ್ತದೆ, ನೋಡಿ ಚುಚ್ಚಿ.

ಬನವಾಸಿ_ದಾರಿ:
ಹೊರೆಯೋ ಅಲ್ಲವೋ ಎಂಬುದು ನೀವು ಎಲ್ಲಿ ಉಳಿಯುತ್ತೀರಿ ಎಂಬುದರ ಮೇಲಿದೆ. ಸರ್ಕಾರಿ ಹೋಟೆಲ್ ಬಿಟ್ಟು 'ಕಾಸಾ ಪರ್ತಿಕುಲಾರ್', ಅಂದರೆ ಖಾಸಗಿಯವರು ತಮ್ಮ ಮನೆಯಲ್ಲೇ ಬಾಡಿಗೆಗೆ ಕೊಡುವ ಕೋಣೆ, ಹಿಡಿಯಿರಿ, ಬಾಡಿಗೆ ಆ ಮನೆಯವರ ಕೈಗೇ ಸೇರುತ್ತದೆ. ಬಾಗಿಲ ಮೇಲೆ ಲಂಗರಿನಂಥ ನೀಲಿ ಗುರುತಿರುತ್ತದೆ. 1962ರಿಂದ ರೇಷನ್ ಪುಸ್ತಕವಿದ್ದರೂ ಈಗ ಅದರಲ್ಲಿ ಬರುವುದು ಸಾಲುವುದಿಲ್ಲ. ಏನು ತರಲಿ ಎಂದು ಮನೆಯವರನ್ನು ಮೊದಲೇ ಕೇಳಿ: ಸೋಪು, ಪ್ಯಾರಾಸಿಟಮಾಲ್, ಹೊಲಿಗೆ ಸೂಜಿ ಸಹ ಬೇಕಾಗಬಹುದು. ಅಮ್ಮನ ಮಾತ್ರೆ ಆರು ದಿನದ್ದಲ್ಲ, ಹದಿನಾರು ದಿನದ್ದು ಕೈಚೀಲದಲ್ಲಿರಲಿ, ಸ್ಟ್ರಿಪ್ಪಿನಲ್ಲೇ, ಚೀಟಿಯ ಸಮೇತ. ಅಲ್ಲಿ ಕೊಳ್ಳುವ ಲೆಕ್ಕ ಬೇಡ.

ಕಪ್ಪು ಅವರೆಯಂಥ ಕಾಳು ಹಾಕಿದ ಅನ್ನ, ಮರಗೆಣಸು, ಬಾಳೆಕಾಯಿ ಸಿಗುತ್ತವೆ. ಅನ್ನಕ್ಕೆ ಹಂದಿ ಕೊಬ್ಬು ಹಾಕುವ ರೂಢಿಯಿದೆ. 'ಸಿನ್ ಕಾರ್ನೆ, ಸಿನ್ ಮಾನ್ತೇಕಾ' ಎಂದು ಎರಡನ್ನೂ ಹೇಳಿ, ಬರೀ ಮಾಂಸ ಬೇಡ ಅಂದರೆ ಕೊಬ್ಬು ಉಳಿಯುತ್ತದೆ. ಅವಲಕ್ಕಿ, ಚಟ್ನಿಪುಡಿ ಜೊತೆಗಿರಲಿ.

ಇನ್ನೊಂದು, ನಡೆಯುವಾಗ ಬಾಲ್ಕನಿಗಳ ಕೆಳಗೆ ನಿಲ್ಲಬೇಡಿ. ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಗಾರೆ ಒಡೆಯುವುದು ಕಾರವಾರದವರಿಗೆ ಹೊಸದಲ್ಲ. ಪ್ಲಾಸಾ ವಿಯೇಹಾದಂಥ ಚೌಕಗಳನ್ನು ದುರಸ್ತಿ ಮಾಡಿದ್ದಾರೆ, ಅದು ಹವಾನಾ ನಗರದ ಇತಿಹಾಸಕಾರರಾಗಿದ್ದ ಎವುಸೇಬಿಯೊ ಲೆಯಾಲ್ ಅವರ ದುಡಿಮೆ. ಅಲ್ಲಿಂದ ಒಂದೆರಡು ಬೀದಿ ಒಳಗೆ ಹೋದರೆ ಮರದ ಆಸರೆ ಕೊಟ್ಟ ಗೋಡೆಗಳೇ. ಮಳೆ ಬಂದ ಮೇಲಂತೂ ರಸ್ತೆಯ ನಡುವೆಯೇ ನಡೆಯಿರಿ.