‘ಮೇಲಿನ ತೋಟ ನಾಗರಾಜನಿಗೇ ಕೊಡಿ’

ತೀರ್ಥಹಳ್ಳಿ ಕಡೆಯ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ಭಾನುವಾರ ನಡೆದ ಜಗಳ ಇದು. ಹೆಸರುಗಳನ್ನು ಬದಲಾಯಿಸಿದ್ದೇನೆ. ಶುಭೋದಯದ ಹೂವುಗಳನ್ನೂ ಕೈಮುಗಿದ ಗೊಂಬೆಗಳನ್ನೂ ತೆಗೆದಿದ್ದೇನೆ. ದೊಡ್ಡಪ್ಪನಿಗೆ ಪಿತ್ತಕೋಶದಲ್ಲಿ ಕಲ್ಲಾಗಿ ಶುಕ್ರವಾರ ಆಪರೇಷನ್ ಆಗಿತ್ತು. ಅವರನ್ನು ಕೇಳಿಯೇ ಇದನ್ನು ಇಲ್ಲಿ ಹಾಕುತ್ತಿದ್ದೇನೆ. ಯಾಕೆ ಕೇಳಿದೆ ಅನ್ನುವುದು ಓದಿದರೆ ಗೊತ್ತಾಗುತ್ತದೆ.

ಅಭಿ: (ವಿಡಿಯೊ) ಅಪ್ಪ ಅನಸ್ತೇಶಿಯಾದಿಂದ ಎದ್ದ ಮೇಲೆ!! ಕೊನೇವರೆಗೂ ನೋಡಿ.

ವಿಡಿಯೊದಲ್ಲಿ ದೊಡ್ಡಪ್ಪ ಹಿಂದೆ ದಾರ ಕಟ್ಟುವ ಹಸಿರು ಅಂಗಿ ಹಾಕಿಕೊಂಡು ಮಲಗಿದ್ದಾರೆ. ಹಲ್ಲಿನ ಸೆಟ್ ಇಲ್ಲ, ಕೆನ್ನೆ ಒಳಗೆ ಹೋಗಿದೆ. ಕಣ್ಣಲ್ಲಿ ಧಾರಾಕಾರ ನೀರು. ಡ್ರಿಪ್ ಸರಿಮಾಡುತ್ತಿದ್ದ ನರ್ಸ್ ಹುಡುಗಿಗೆ “ಅಕ್ಕಾ, ನಿಮಗೆ ಯಾವೂರಾಯ್ತು?” ಅಂತಾರೆ. ಆಮೇಲೆ “ಗೌರಿಗೆ ಹಿಂಡಿ ಇಟ್ರಾ? ಗಬ್ಬದ ದನ, ಹೊಟ್ಟೆಗೆ ಕಡಿಮೆ ಮಾಡಬೇಡಿ” ಅಂತಾರೆ. ಮತ್ತೆ ಅಳು. ಕೊನೆಗೆ ಕಣ್ಣು ಮುಚ್ಚಿಕೊಂಡೇ, ಸ್ಪಷ್ಟವಾಗಿ, “ಮೇಲಿನ ತೋಟ ನಾಗರಾಜನಿಗೇ ಕೊಡಿ.”

ಸರೋಜ ಅತ್ತೆ: ಅಯ್ಯೋ, ಅಣ್ಣ ಅಳೋದನ್ನ ನೋಡಿ ನನಗೂ ಅಳು ಬಂತು. ಅಪ್ಪ ಹೋದಾಗಲೂ ಇವನು ಹೀಗೆ ಅತ್ತಿರಲಿಲ್ಲ.

ನಾಗರಾಜ ಚಿಕ್ಕಪ್ಪ: ಕೊನೆಯ ಮಾತನ್ನು ಎಲ್ಲರೂ ಸರಿಯಾಗಿ ಕೇಳಿಸಿಕೊಳ್ಳಿ. ನಾನು ಏನೂ ಹೇಳುವುದಿಲ್ಲ. ಅಣ್ಣನ ಬಾಯಿಂದಲೇ ಬಂದಿದೆ.

ಅಭಿ: ಚಿಕ್ಕಪ್ಪ, ನಾನು ಹಾಕಿದ್ದು ತಮಾಷೆಗೆ.

ನಾಗರಾಜ ಚಿಕ್ಕಪ್ಪ: ನಿನಗೆ ತಮಾಷೆ.

ಸರೋಜ ಅತ್ತೆ: ನಾಗರಾಜ ಹೇಳೋದರಲ್ಲಿ ತಪ್ಪೇನಿದೆ? ಎಚ್ಚರ ಇದ್ದಾಗ ಮನುಷ್ಯ ಲೆಕ್ಕ ಹಾಕಿ ಮಾತಾಡ್ತಾನೆ. ಮತ್ತಿನಲ್ಲಿ ಲೆಕ್ಕ ಇರಲ್ಲ, ಒಳಗಿದ್ದದ್ದು ಹಾಗೇ ಬರುತ್ತೆ. ಬೆಂಗಳೂರಲ್ಲಿ ಪೊಲೀಸರು ಇಂಜೆಕ್ಷನ್ ಕೊಟ್ಟು ಬಾಯಿ ಬಿಡಿಸ್ತಿದ್ದರಲ್ವಾ? ಆ ನಕಲಿ ಛಾಪಾ ಕಾಗದ ಹಗರಣದ ತೆಲಗಿದು ಟಿವಿಯಲ್ಲೇ ತೋರಿಸಿದ್ದರು.

ವಿನಯ್ ಭಾವ: ಅತ್ತೆ, ಆ ಮಂಪರು ಪರೀಕ್ಷೆಯ ಕಥೆ ಏನಾಯಿತು ಅಂತಲೂ ಕೇಳಿ. ಅದಕ್ಕೆ ಕೊಡುತ್ತಿದ್ದದ್ದು ಪೆಂಟೋಥಾಲ್. ಹಿಂದೆ ಆಪರೇಷನ್‌ಗೂ ಅದನ್ನೇ ಕೊಡುತ್ತಿದ್ದರು. ಸುಪ್ರೀಂ ಕೋರ್ಟಿನಲ್ಲಿ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಅಂತ ಕೇಸು. 2010ರ ಮೇ 5ಕ್ಕೆ ತೀರ್ಪು ಬಂತು. ಒಪ್ಪಿಗೆ ಇಲ್ಲದೆ ಯಾರಿಗೂ ಈ ಪರೀಕ್ಷೆ ಮಾಡುವ ಹಾಗಿಲ್ಲ. ಒಪ್ಪಿ ಮಾಡಿಸಿಕೊಂಡರೂ ಆ ಮತ್ತಿನಲ್ಲಿ ಆಡಿದ ಮಾತು ಅಷ್ಟಕ್ಕೇ ಸಾಕ್ಷಿ ಆಗಲ್ಲ. ಯಾಕಂದರೆ ಆಗ ಬರುವುದು ನಿಜವೂ ಇರಬಹುದು, ಕಲ್ಪನೆಯೂ ಇರಬಹುದು, ಪ್ರಶ್ನೆ ಕೇಳಿದವರೇ ಬಾಯಿಗೆ ಹಾಕಿದ್ದೂ ಇರಬಹುದು.

ನಾಗರಾಜ ಚಿಕ್ಕಪ್ಪ: ಇಲ್ಲಿ ಯಾರೂ ಪ್ರಶ್ನೆ ಕೇಳಿಲ್ಲ ವಿನಯ್. ಅಣ್ಣ ತಾನಾಗೇ ಹೇಳಿದ್ದು.

ವಿನಯ್ ಭಾವ: ಸರಿ ಮಾವ. ಆದರೆ ಜಮೀನು ದಾನ ಕೊಡಬೇಕು ಅಂದರೆ ದಾನಪತ್ರ ಬರೆದು, ಇಬ್ಬರು ಸಾಕ್ಷಿ ಹಾಕಿಸಿ, ನೋಂದಣಿ ಮಾಡಿಸಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆ. ಉಯಿಲಿಗೆ ನೋಂದಣಿ ಬೇಡ, ಆದರೆ ಬುದ್ಧಿ ಸ್ವಾಧೀನದಲ್ಲಿ ಇರಬೇಕು. ಮತ್ತಿನಲ್ಲಿ ಬರೆದದ್ದು ನಡೆಯಲ್ಲ, ಮಾತಂತೂ ದೂರ.

ನಾನು: ಚಿಕ್ಕಪ್ಪ, ಅದೇ ವಿಡಿಯೊದಲ್ಲಿ ದೊಡ್ಡಪ್ಪ ಗೌರಿಗೆ ಹಿಂಡಿ ಇಡಿ ಅಂದಿದ್ದಾರೆ. ಗೌರಿ ಸತ್ತಾಗ ನಾನು ಹೈಸ್ಕೂಲಿನಲ್ಲಿದ್ದೆ. ತೋಟದ ಮಾತು ನಿಜ ಅಂದರೆ ಗೌರಿಯೂ ಕೊಟ್ಟಿಗೆಯಲ್ಲಿ ಇರಬೇಕು. ಯಾರಾದರೂ ಹೋಗಿ ನೋಡಿ ಬನ್ನಿ.

(ಇದಕ್ಕೆ ಮೂವರು ನಕ್ಕರು. ಚಿಕ್ಕಪ್ಪ ನಗಲಿಲ್ಲ. ಆಮೇಲೆ ಊಟದ ಹೊತ್ತು, ಗುಂಪು ತಣ್ಣಗಾಯಿತು. ಮಧ್ಯಾಹ್ನ ಮೇಘನಾ ಬಂದಳು. ಅವಳು ಮಂಗಳೂರಿನಲ್ಲಿ ಅರಿವಳಿಕೆ ಡಾಕ್ಟರ್, ಅಂದರೆ ದಿನಾ ಬೆಳಗಾದರೆ ಜನರನ್ನು ಮಲಗಿಸಿ ಎಬ್ಬಿಸುವ ಕೆಲಸ.)

ಮೇಘನಾ: ಈಗ ಡ್ಯೂಟಿ ಮುಗಿಯಿತು. ಎಲ್ಲ ಓದಿದೆ. ಅತ್ತೆ, ಒಂದು ವಿಷಯ. ಔಷಧಿಗೆ ಮನಸ್ಸಿನ ಬೀಗ ತೆಗೆಯೋಕೆ ಬರಲ್ಲ. ಮೊದಲು ಕೈಗೆ ಹಾಲಿನ ಬಣ್ಣದ ಇಂಜೆಕ್ಷನ್ ಹಾಕ್ತೇವೆ, ಅದು ಪ್ರೊಪೊಫಾಲ್. ನಿದ್ದೆ ಬಂದಮೇಲೆ ಗಂಟಲಿಗೆ ಟ್ಯೂಬ್ ಇಟ್ಟು ಗ್ಯಾಸ್ ಕೊಡ್ತೇವೆ. ಆಪರೇಷನ್ ಮುಗಿದಾಗ ಗ್ಯಾಸ್ ನಿಲ್ಲಿಸ್ತೇವೆ. ಆಗ ಮಿದುಳು ಒಂದೇ ಸಲಕ್ಕೆ ಏಳಲ್ಲ. ಮೊದಲು ಉಸಿರು, ಕೆಮ್ಮು. ಆಮೇಲೆ ‘ಕಣ್ಣು ಬಿಡಿ’ ಅಂದರೆ ಬಿಡ್ತಾರೆ, ಕೈ ಹಿಡಿ ಅಂದರೆ ಹಿಡೀತಾರೆ. ಮಾತು ಬರುತ್ತೆ. ಎಲ್ಲಿದ್ದೇನೆ, ಯಾವ ದಿನ, ಏನು ಹೇಳಬಾರದು ಅನ್ನೋ ವಿವೇಚನೆ ಆಮೇಲೆ ಬರುತ್ತೆ. ಆ ನಡುವೆ ಬಾಯಿ ಒಂದೇ ಓಡ್ತಿರುತ್ತೆ.

ಮೇಘನಾ: ಎಷ್ಟೋ ಸಲ ಒಳಗೆ ಕರೆದುಕೊಂಡು ಹೋಗುವಾಗಲೇ ಭಯ ಹೋಗಲಿ ಅಂತ ಮಿಡಜೋಲಾಮ್ ಕೊಡ್ತೇವೆ. ಅದು ಕೊಟ್ಟಮೇಲೆ ಆದದ್ದು ನೆನಪಲ್ಲಿ ಕೂರಲ್ಲ. ನಮ್ಮ ಹತ್ತಿರ ಚೆನ್ನಾಗಿ ಮಾತಾಡಿದವರೇ ಸಂಜೆ ವಾರ್ಡಿನಲ್ಲಿ “ಡಾಕ್ಟ್ರೇ, ನೀವು ಯಾರು?” ಅಂತ ಕೇಳ್ತಾರೆ. ದೊಡ್ಡಪ್ಪನನ್ನು ಈಗ ಕೇಳಿ ನೋಡಿ. ನರ್ಸ್ ಅಕ್ಕನ ನೆನಪೂ ಇರಲ್ಲ.

ಸರೋಜ ಅತ್ತೆ: ಹಾಗಾದರೆ ಅಳು?

ಮೇಘನಾ: ಅಳು ತುಂಬಾ ಸಾಮಾನ್ಯ ಅತ್ತೆ. ದುಃಖ ಇರಲೇಬೇಕು ಅಂತಿಲ್ಲ. ಅಳುವವರು, ನಗುವವರು, ಬೈಯುವವರು, ನಮ್ಮ ಕೈ ಹಿಡಿದು ಆಶೀರ್ವಾದ ಮಾಡುವವರು, ಎಲ್ಲರೂ ಸಿಗ್ತಾರೆ. ಜಾಸ್ತಿ ಜನ ಮಾತ್ರ “ಮುಗೀತಾ?” ಅಂತ ಕೇಳಿ ಮತ್ತೆ ನಿದ್ದೆ ಹೋಗ್ತಾರೆ. ಅಂಥವರ ವಿಡಿಯೊ ಯಾರೂ ಹಾಕಲ್ಲ.

ಸರೋಜ ಅತ್ತೆ: ನನಗೆ ಪಲ್ಲವಿ ಹುಟ್ಟುವಾಗ ಆಪರೇಷನ್ ಆಯ್ತಲ್ಲ, ನಾನೇನೂ ಬಡಬಡಿಸಲಿಲ್ಲ.

ಮೇಘನಾ: ನಿಮಗೆ ಬೆನ್ನಿಗೆ ಕೊಟ್ಟಿದ್ದು. ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟುತ್ತೆ, ಎಚ್ಚರ ಇರುತ್ತೆ. ಆಮೇಲೆ ಹಲ್ಲು ಕಟಕಟ ಅನ್ನುವ ಹಾಗೆ ನಡುಕ ಬಂದಿರಬೇಕಲ್ಲ?

ಸರೋಜ ಅತ್ತೆ: ಬಂದಿತ್ತು! ಮೂರು ಕಂಬಳಿ ಹೊದೆಸಿದ್ದರು.

ಕಾವ್ಯ ಅಕ್ಕ: ಮೇಘಾ, ನಮ್ಮ ಪುಟ್ಟನಿಗೆ ಟಾನ್ಸಿಲ್ ತೆಗೆಸಿದಾಗ ನಾಲ್ಕು ವರ್ಷ. ಎದ್ದವನು ಹಾಸಿಗೆ ಮೇಲೆ ಬಿಲ್ಲಿನ ಹಾಗೆ ಬಗ್ಗಿ ಕಿರುಚಿದ. ಕೈಯ ಸೂಜಿ ಕಿತ್ತುಕೊಳ್ಳೋಕೆ ಹೋದ. ನನ್ನ ಮಡಿಲಲ್ಲೇ ಕೂತು, ನನ್ನ ಮುಖವನ್ನೇ ನೋಡುತ್ತಾ “ಅಮ್ಮ ಬೇಕು, ಅಮ್ಮ ಬೇಕು” ಅಂತ ನನ್ನನ್ನೇ ಒದ್ದ. ಆ ಕಣ್ಣು ನನ್ನನ್ನು ನೋಡುತ್ತಿತ್ತು, ಆದರೆ ನಾನು ಕಾಣುತ್ತಿರಲಿಲ್ಲ. ನಮ್ಮತ್ತೆ ದೃಷ್ಟಿ ಆಗಿದೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಬೇಕು ಅಂದರು. ಅರ್ಧ ಗಂಟೆಗೆ ನಿದ್ದೆ ಹೋಗಿ, ಎದ್ದು ಐಸ್‌ಕ್ರೀಮ್ ಕೇಳಿದ.

ಮೇಘನಾ: ಅದು ಮಕ್ಕಳಲ್ಲಿ ನಾವು ನೋಡ್ತಾನೇ ಇರ್ತೇವೆ ಅಕ್ಕ. ಎರಡರಿಂದ ಐದು ವರ್ಷದವರಲ್ಲಿ ಜಾಸ್ತಿ. ಸೆವೊಫ್ಲುರೇನ್ ಗ್ಯಾಸ್‌ನಿಂದ ಬೇಗ ಎದ್ದವರಲ್ಲಿ ಇನ್ನೂ ಜಾಸ್ತಿ. ಟಾನ್ಸಿಲ್, ಕಿವಿ, ಮೂಗಿನ ಆಪರೇಷನ್ ಆದವರಲ್ಲೂ ಹಾಗೇ. ನೋವಿನಿಂದಲಾ ಅಂತ ಮೊದಲು ನೋಡ್ತೇವೆ. ಅಲ್ಲ ಅಂದರೆ ಪೆಟ್ಟಾಗದ ಹಾಗೆ ಹಿಡಿದುಕೊಂಡು ಕಾಯೋದು. ತಾನಾಗೇ ಇಳಿಯುತ್ತೆ. ಮಗುವಿಗೆ ನೆನಪೂ ಇರಲ್ಲ. ಅಮ್ಮನಿಗೆ ಮಾತ್ರ ಮರೆಯಲ್ಲ.

ರಮೇಶ ಮಾವ: (ಫಾರ್ವರ್ಡ್) ಆಪರೇಷನ್ ಆದ ಮೇಲೆ ಮಾತೃಭಾಷೆ ಮರೆತು ಬರೀ ಇಂಗ್ಲಿಷ್ ಮಾತಾಡಿದ ಹುಡುಗ! ಎಲ್ಲರಿಗೂ ಕಳಿಸಿ 🙏

ನಾನು: ಮಾವ, ಇಂಥವನ್ನು ಎಲ್ಲಿಂದ ಹುಡುಕ್ತೀರಿ?

ಮೇಘನಾ: ಈ ಸಲ ಮಾವ ಕಳಿಸಿದ್ದು ನಿಜ! ನೆದರ್ಲೆಂಡ್ಸ್‌ನ 17 ವರ್ಷದ ಹುಡುಗ. ಫುಟ್‌ಬಾಲ್ ಆಡಿ ಮೊಣಕಾಲಿಗೆ ಪೆಟ್ಟಾಗಿ ಆಪರೇಷನ್ ಆಗಿತ್ತು. ಎದ್ದಮೇಲೆ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ, ಅಪ್ಪ ಅಮ್ಮನ ಗುರುತಿಲ್ಲ, ತಾನು ಅಮೆರಿಕದಲ್ಲಿದ್ದೇನೆ ಅಂತ ಹಟ. ಇಂಗ್ಲಿಷನ್ನು ಸ್ಕೂಲಲ್ಲಿ ಕಲಿತಿದ್ದ, ಅಷ್ಟೇ. ಮಾರನೇ ದಿನ ಗೆಳೆಯರು ನೋಡೋಕೆ ಬಂದಾಗ ಡಚ್ ಮಾತು ವಾಪಸ್ ಬಂತು. ಡಾಕ್ಟರುಗಳು 2022ರಲ್ಲಿ ಬರೆದಿದ್ದಾರೆ. ತೀರಾ ಅಪರೂಪ.

ರಮೇಶ ಮಾವ: ನೋಡಿದ್ರಾ. ನನ್ನನ್ನು ನಗ್ತೀರಿ.

ಲತಾ ದೊಡ್ಡಮ್ಮ: ಅಜ್ಜಿಗೆ ಸೊಂಟ ಮುರಿದು ಆಪರೇಷನ್ ಆದಾಗಲೂ ಹೀಗೇ ಆಗಿತ್ತು. ಮೊದಲ ದಿನ ಚೆನ್ನಾಗೇ ಇದ್ದರು. ಎರಡನೇ ರಾತ್ರಿ ನನ್ನನ್ನು ತವರಿನ ತಂಗಿ ಅಂದುಕೊಂಡು ಬರೀ ತುಳುವಿನಲ್ಲೇ ಮಾತಾಡಿದರು. ಬೆಳಿಗ್ಗೆ ಸರಿ, ಸಂಜೆ ಮತ್ತೆ ಶುರು. ನಾವು ಅರಳುಮರಳು ಅಂದುಕೊಂಡು ಸುಮ್ಮನಾದೆವು.

ಮೇಘನಾ: ದೊಡ್ಡಮ್ಮ, ಇದನ್ನು ಮಾತ್ರ ನಗುವ ವಿಷಯ ಅಂತ ಬಿಡಬಾರದು. ದೊಡ್ಡಪ್ಪನದು ಒಂದೆರಡು ಗಂಟೆಯ ಮಂಪರು. ವಯಸ್ಸಾದವರಿಗೆ ಒಂದೆರಡು ದಿನ ಬಿಟ್ಟು ಶುರುವಾಗುವ ಗೊಂದಲ ಬೇರೆ, ಅದು ಡೆಲಿರಿಯಂ. ಬರುತ್ತೆ ಹೋಗುತ್ತೆ, ರಾತ್ರಿ ಜಾಸ್ತಿ. ಕೆಲವರು ಕೂಗಾಡದೆ ಸಪ್ಪಗೆ ಮಲಗಿಬಿಡ್ತಾರೆ. ಆಗ ಮನೆಯವರು ‘ಪಾಪ, ಸುಸ್ತು’ ಅಂದುಕೊಳ್ತಾರೆ. ಸೋಂಕು, ನೋವು, ಮೂತ್ರ ಕಟ್ಟಿರುವುದು, ನೀರಿನಂಶ ಕಡಿಮೆ ಆಗಿರುವುದು, ಏನು ಬೇಕಾದರೂ ಹಿಂದೆ ಇರಬಹುದು. ತಕ್ಷಣ ಡಾಕ್ಟರಿಗೆ ಹೇಳಬೇಕು. ಕನ್ನಡಕ ಹಾಕಿ, ಕಿವಿಯ ಮೆಷಿನ್ ಹಾಕಿ, ಹಗಲು ಕಿಟಕಿ ತೆಗೆಯಿರಿ, ರಾತ್ರಿ ನಿದ್ದೆ ಮಾಡೋಕೆ ಬಿಡಿ. ಮನೆಯವರೊಬ್ಬರು ಹತ್ತಿರ ಇದ್ದು ‘ಇದು ಆಸ್ಪತ್ರೆ, ನಾನು ಲತಾ’ ಅಂತ ಹೇಳ್ತಾ ಇರಬೇಕು.

ಲತಾ ದೊಡ್ಡಮ್ಮ: ಅಜ್ಜಿಯ ಕನ್ನಡಕ ನನ್ನ ಬ್ಯಾಗಿನಲ್ಲೇ ಇತ್ತು. ಕಳೆದುಹೋಗುತ್ತೆ ಅಂತ ತೆಗೆದಿಟ್ಟಿದ್ದೆ.

(ಇದಕ್ಕೆ ಯಾರೂ ಏನೂ ಬರೆಯಲಿಲ್ಲ.)

ಮೇಘನಾ: ಅಭಿ, ಈಗ ನಿನ್ನ ಸರದಿ. ದೊಡ್ಡಪ್ಪ ಸಹಿ ಹಾಕಿದ್ದು ಆಪರೇಷನ್‌ಗೆ. ವಿಡಿಯೊಗೆ ಅಲ್ಲ.

ಅಭಿ: ಮೇಘಕ್ಕ, ಎಲ್ಲರೂ ಹಾಕ್ತಾರೆ. 2009ರಲ್ಲೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿಬಂದ ಅಮೆರಿಕದ ಹುಡುಗನ ವಿಡಿಯೊ ಪ್ರಪಂಚವೆಲ್ಲ ನೋಡಿತ್ತು. ಅವನ ಅಪ್ಪನೇ ಹಾಕಿದ್ದು. ಇದು ಮನೆಯವರ ಗುಂಪು ತಾನೇ.

ನಾನು: ಅಪ್ಪ ಮಗನದು ಹಾಕಿದ್ದಕ್ಕೆ ಮಗ ಅಪ್ಪನದು ಹಾಕಬಹುದಾ? ಕುಡಿದು ಚರಂಡಿ ಪಕ್ಕ ಮಲಗಿದವನ ಫೋಟೊ ತೆಗೆದರೆ ನಮಗೇ ನಾಚಿಕೆ ಆಗುತ್ತೆ. ಇಲ್ಲಿ ದೊಡ್ಡಪ್ಪ ಕುಡಿದೂ ಇಲ್ಲ, ಡಾಕ್ಟರನ್ನು ನಂಬಿ ಮಲಗಿದ್ದು. ನಾನು ಅಡ್ಮಿನ್, ವಿಡಿಯೊ ತೆಗೀತಾ ಇದ್ದೇನೆ.

ಈ ಸಂದೇಶವನ್ನು ಅಡ್ಮಿನ್ ಅಳಿಸಿದ್ದಾರೆ.

ರಮೇಶ ಮಾವ: ಅಯ್ಯೋ. ನಾನು ಬೆಳಿಗ್ಗೆಯೇ ಬೀಗರ ಗುಂಪಿಗೆ ಕಳಿಸಿಬಿಟ್ಟೆ.

ನಾಗರಾಜ ಚಿಕ್ಕಪ್ಪ: ಅಳಿಸಿ, ಏನಾದರೂ ಮಾಡಿ. ನನಗೆ ಕೋರ್ಟಿಗೆ ಹೋಗುವ ಆಸೆ ಇಲ್ಲ ವಿನಯ್, ಕಾಯ್ದೆ ಹೇಳಬೇಡ. ಆ ತೋಟ ಬರೀ ಬೋಳುಗುಡ್ಡ ಆಗಿದ್ದಾಗ ಸಸಿ ಹೊತ್ತವನು ನಾನು. ಬೇಸಿಗೆಯಲ್ಲಿ ನೀರು ಬಿಟ್ಟವನು ನಾನು. ಪಹಣಿಯಲ್ಲಿ ಅಣ್ಣನ ಹೆಸರು. ಅದನ್ನು ಅಣ್ಣ ಒಂದು ಸಲವಾದರೂ ಬಾಯಿಬಿಟ್ಟು ಹೇಳಲಿ ಅಂತ ಎಷ್ಟು ವರ್ಷ ಕಾದಿದ್ದೇನೆ, ಅದು ನನಗೇ ಗೊತ್ತು. ಹೇಳಿದ್ದೂ ಮತ್ತಿನಲ್ಲಿ ಅಂದರೆ ಹೇಗನ್ನಿಸಬೇಡ?

(ಇದು ಬಂದಮೇಲೆ ನನಗೂ ಗೌರಿಯ ತಮಾಷೆ ಸ್ವಲ್ಪ ಜಾಸ್ತಿ ಆಯ್ತು ಅನ್ನಿಸಿತು. ಆದರೂ ವಾದ ವಾದವೇ. ಚಿಕ್ಕಪ್ಪನ ಕಷ್ಟ ನಿಜ. ಆ ಕಷ್ಟಕ್ಕೆ ಸಾಕ್ಷಿಯಾಗಿ ಅವರು ತಂದದ್ದು ಮಾತ್ರ ಸಾಕ್ಷಿ ಅಲ್ಲ.)

ಮೇಘನಾ: ಚಿಕ್ಕಪ್ಪ, ದೊಡ್ಡಪ್ಪನ ಮನಸ್ಸಲ್ಲಿ ಅದು ಇಲ್ಲ ಅಂತ ನಾನು ಹೇಳ್ತಿಲ್ಲ. ಇರಬಹುದು. ಇದೆ ಅಂತ ಆ ಮಾತಿನಿಂದ ಗೊತ್ತಾಗಲ್ಲ, ಅಷ್ಟೇ. ನಾವು ಮನೆಗೆ ಕಳಿಸುವಾಗ ಹೇಳಿಯೇ ಕಳಿಸ್ತೇವೆ: 24 ಗಂಟೆ ಗಾಡಿ ಓಡಿಸಬೇಡಿ, ಮುಖ್ಯ ಕಾಗದಕ್ಕೆ ಸಹಿ ಹಾಕಬೇಡಿ. ಇವತ್ತಿಗೆ ಆ ಹೊತ್ತು ಕಳೆದಿದೆ. ನೀವೇ ಹೋಗಿ ಕೇಳಿ.

ರಾತ್ರಿ ಎಂಟೂವರೆಗೆ ದೊಡ್ಡಪ್ಪ ಬಂದರು. ಅವರು ಬರೆಯುವುದು ಒಂದೊಂದೇ ಸಾಲು.

ದೊಡ್ಡಪ್ಪ: ಎಲ್ಲ ಓದಿದೆ.

ದೊಡ್ಡಪ್ಪ: ಬೀಗರು ಫೋನ್ ಮಾಡಿದ್ದರು. ನನಗೆ ಒಂದೂ ನೆನಪಿಲ್ಲ. ಬೆಳಕು ನೋಡಿದ್ದು ನೆನಪಿದೆ, ಆಮೇಲೆ ವಾರ್ಡಿನ ಫ್ಯಾನು.

ದೊಡ್ಡಪ್ಪ: ಅಭಿ, ಹಲ್ಲಿನ ಸೆಟ್ ಇಲ್ಲದೆ ನಾನು ನಿಮ್ಮಮ್ಮನ ಎದುರಿಗೂ ಬಂದವನಲ್ಲ.

ಅಭಿ: ಸಾರಿ ಅಪ್ಪ.

ದೊಡ್ಡಪ್ಪ: ನಾಗರಾಜ, ಮತ್ತಿನಲ್ಲಿ ಆಡಿದ್ದು ನನ್ನ ಮಾತಲ್ಲ. ತೋಟದ ಮಾತನ್ನು ಹಬ್ಬಕ್ಕೆ ಎಲ್ಲರೂ ಬಂದಾಗ ಹಲ್ಲು ಹಾಕಿಕೊಂಡು ಆಡ್ತೇನೆ. ಈಗ ಅದಕ್ಕಿಂತ ಅವಸರದ್ದಿದೆ. ಮಳೆ ಬಿಟ್ಟಿದೆ, ಅಡಿಕೆಗೆ ಕೊಳೆ ಔಷಧಿ ಹೊಡೆಸಬೇಕು. ನಾನು ಇನ್ನೂ ಭಾರ ಎತ್ತುವ ಹಾಗಿಲ್ಲ.

ನಾಗರಾಜ ಚಿಕ್ಕಪ್ಪ: ಜನಕ್ಕೆ ಹೇಳಿ ಆಗಿದೆ. ನಾಡಿದ್ದು ಬರ್ತಾರೆ. ಮೈಲುತುತ್ತ ಎಷ್ಟು ತರಲಿ?

ದೊಡ್ಡಪ್ಪ: ನೂರು ಲೀಟರಿಗೆ ಒಂದು ಕೆಜಿ, ಸುಣ್ಣವೂ ಅಷ್ಟೇ. ಹೋದ ವರ್ಷದ ಸುಣ್ಣ ಬೇಡ, ಹೊಸದು ತಾ. ಮೊದಲು ಮೇಲಿನ ತೋಟಕ್ಕೆ ಹೊಡೆಸು.