ಘಟ್ಟ ಹತ್ತುವಾಗ ಮುಳ್ಳು ಕೆಂಪಿಗೆ ಬರುತ್ತದೆ, ಮೀಟರ್ ನಂಬಬಹುದೇ?

ಕೈಮರದ ಅಂಬಾಸಡರ್:
ನಮ್ಮದು ಅಪ್ಪನ ಕಾಲದ ಪೆಟ್ರೋಲ್ ಅಂಬಾಸಡರ್. ಚಿಕ್ಕಮಗಳೂರು ಪೇಟೆಯಲ್ಲಿ ಓಡಾಡುವಾಗ ಟೆಂಪರೇಚರ್ ಮುಳ್ಳು ನಡುವಿನಲ್ಲೇ ಇರುತ್ತದೆ. ಸೀತಾಳಯ್ಯನಗಿರಿ ಕಡೆ ಹತ್ತಿದರೆ ಕೆಂಪು ಗೆರೆ ಮುಟ್ಟುತ್ತದೆ. ಆದರೆ ನೀರು ಕುದಿಯುವುದಿಲ್ಲ, ಕಡಿಮೆಯೂ ಆಗಿಲ್ಲ. ಮೀಟರ್ ಕೆಟ್ಟಿದೆ, ಬದಲಿಸಿ ಎನ್ನುತ್ತಾರೆ ಮೆಕ್ಯಾನಿಕ್. ಅಪ್ಪ ನೋಡುತ್ತಿದ್ದ ಮೀಟರ್, ಕೀಳಲು ಮನಸ್ಸಿಲ್ಲ. ಪರೀಕ್ಷಿಸುವುದು ಹೇಗೆ?

ಹಾಸನ ರಸ್ತೆ:
ಇಗ್ನಿಷನ್ ಆನ್ ಮಾಡಿ, ಎಂಜಿನ್ ನೀರಿನ ಬಿಸಿಯನ್ನು ಮೀಟರಿಗೆ ತಿಳಿಸುವ ಸೆಂಡರ್‌ನ ವೈರ್ ಕಳಚಿ. ಮುಳ್ಳು ತಣ್ಣನೆಯ ತುದಿಗೆ ಇಳಿಯಬೇಕು. ಅದೇ ವೈರನ್ನು ಎಂಜಿನ್ ಬ್ಲಾಕಿಗೆ ತಾಗಿಸಿದರೆ ಬಿಸಿಯ ಕಡೆ ಏರಬೇಕು. ಕೊನೆ ಮುಟ್ಟುವ ಮೊದಲೇ ತೆಗೆದುಬಿಡಿ. ಪೆಟ್ರೋಲ್ ಮುಳ್ಳೂ ಇರುವುದಕ್ಕಿಂತ ಹೆಚ್ಚು ತೋರಿಸುತ್ತಿದ್ದರೆ ಡ್ಯಾಶ್‌ಬೋರ್ಡ್ ಹಿಂದೆ ಎರಡೂ ಮೀಟರಿಗೆ ಸಮನಾದ ವೋಲ್ಟೇಜ್ ಕೊಡುವ ಸ್ಟೆಬಿಲೈಸರ್‌ನ ಅರ್ತ್ (ಕಾರಿನ ಲೋಹದ ಮೈಗೆ ತಾಗುವ ಜೋಡಣೆ) ನೋಡಿ.

ಮೂಡಿಗೆರೆ ಎಲೆಕ್ಟ್ರಿಷಿಯನ್:
ಸ್ವಾಮಿ, ನೀರು ಕುದಿಯಲಿಲ್ಲ ಎಂದ ಮಾತ್ರಕ್ಕೆ ಮೀಟರ್ ಸುಳ್ಳು ಹೇಳುತ್ತಿದೆ ಎಂದುಕೊಳ್ಳಬೇಡಿ. ರೇಡಿಯೇಟರ್ ಮುಚ್ಚಳ 7 ಪೌಂಡ್ ಒತ್ತಡದ್ದಾದರೆ ನೀರಿನ ಕುದಿಬಿಂದು 10 ಡಿಗ್ರಿಗೂ ಹೆಚ್ಚು ಮೇಲೇರುತ್ತದೆ. ಎಂಜಿನ್ ನಿಜವಾಗಿಯೂ ಕಾದಿರಬಹುದು. ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಕೆಳಗಿನ ಸೀಲ್) ಹೋದ ಮೇಲೆ ಅತ್ತು ಫಲವಿಲ್ಲ.

ಎಂಜಿನ್ ಪೂರ್ತಿ ತಣಿದ ಮೇಲೆ ಸೆಂಡರ್ ಬಿಚ್ಚಿ. ಅದರ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ ಒಂದು ವೈರ್ ಕೊಡಿ, ಮೀಟರ್ ವೈರ್ ಮೊದಲಿನಂತೆ ಇರಲಿ. ಪಾತ್ರೆಯ ನೀರಿನಲ್ಲಿ ತಳಕ್ಕೆ ತಾಗದಂತೆ ತೂಗುಬಿಡಿ. ತಳ ನೀರಿಗಿಂತ ಬಿಸಿ. ಪಕ್ಕದಲ್ಲೇ ಥರ್ಮಾಮೀಟರ್ ಇರಲಿ. 60, 80, ಆಮೇಲೆ ಕುದಿ: ಪ್ರತಿ ಹಂತದಲ್ಲೂ ಮುಳ್ಳು ನಿಂತ ಮೇಲೆ ಗಾಜಿನ ಮೇಲೆ ಗುರುತು ಹಾಕಿ. ಕುದಿಯುವ ನೀರನ್ನು 100 ಎಂದು ಬರೆದುಕೊಳ್ಳಬೇಡಿ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ, ಇಲ್ಲಿ ನೀರು 96–97ಕ್ಕೇ ಕುದಿಯುತ್ತದೆ.

ಮುಳ್ಳು ಹೆಚ್ಚು ತೋರಿಸಿದರೆ ಸೆಂಡರ್ ವೈರಿಗೆ ಸರಣಿಯಲ್ಲಿ ರೆಸಿಸ್ಟರ್ ಹಾಕಿ ಇಳಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗಾಜಿನ ಗುರುತೇ ಸಾಕು. ಮರಳಿ ಕೂರಿಸುವಾಗ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಬೇಡಿ. ಅರ್ತ್ ಸಿಗದೆ ಮುಳ್ಳು ಕಡಿಮೆ ತೋರಿಸುತ್ತದೆ, ಅದು ಇನ್ನೂ ಅಪಾಯ.

ಕೈಮರದ ಅಂಬಾಸಡರ್:
ಭಾನುವಾರ ಮಾಡಿ ನೋಡಿದೆ. 80ಕ್ಕೆ ಮುಳ್ಳು ನಡುವಿನಲ್ಲಿ ನಿಂತಿತು, ನೀರು ತಳಮಳ ಕುದಿಯುವಾಗ ಕೆಂಪು ಗೆರೆಗೆ ಕೂದಲೆಳೆ ಕೆಳಗೆ. ಮೀಟರ್ ಸರಿಯಿದೆ! ರೇಡಿಯೇಟರ್ ಬಿಚ್ಚಿದರೆ ಫಿನ್‌ಗಳ ನಡುವೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿದೆ. ತೊಳೆಸಲು ಕೊಟ್ಟಿದ್ದೇನೆ. ನೀರು ಬಿಸಿಯಾದಾಗ ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟಾಟನ್ನೂ ಅದೇ ಪಾತ್ರೆಯಲ್ಲಿ ಕಾಯಿಸಿ ನೋಡಬಹುದೇ?

ಮೂಡಿಗೆರೆ ಎಲೆಕ್ಟ್ರಿಷಿಯನ್:
ನೋಡಲೇಬೇಕು. ಅದರ ಮೇಲೆ ಒತ್ತಿರುವ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಬೇಕು. ಬಿಡದಿದ್ದರೆ ಹೊಸದು ಹಾಕಿ, ತೆಗೆದುಹಾಕಿ ಹಾಗೇ ಓಡಿಸಬೇಡಿ.